ಎಡಗೈ ಕೊಟ್ಟು ಮಾತಾಡಿಸುವ ಈ ಬಿ.ಪಿ. ಯಾರು?

ಕೊಪ್ಪಳದಲ್ಲಿ ಕಿರಾಣಿ ಅಂಗಡಿಗೆ ಹೋಗಿ ಎಡಗೈಯಲ್ಲಿ ದುಡ್ಡು ಕೊಟ್ಟು ನೋಡಿ. ಅಂಗಡಿಯವರು ನೋಟು ಮುಟ್ಟೋದೇ ಇಲ್ಲ, "ಬಲಗೈಲೆ ಕೊಡ್ರೀ, ಲಕ್ಷ್ಮಿ ಅದಾಳ" ಅಂತಾರೆ. ಇಂಥ ಊರಲ್ಲಿ ನಮ್ಮ ಓಣಿಯ ಹೈಸ್ಕೂಲ್ ಮಾಸ್ತರೊಬ್ಬರು ಬಸ್ ಸ್ಟ್ಯಾಂಡ್ ಎದುರು ಸಿಕ್ಕ ಇನ್ನೊಬ್ಬ ಮಾಸ್ತರಿಗೆ ನಗುತ್ತಾ ಎಡಗೈ ಚಾಚಿದರು. ಅವರೂ ಎಡಗೈಯನ್ನೇ ಕೊಟ್ಟರು. ಚಹಾ ಅಂಗಡಿಯ ಅಜ್ಜ ನೋಡ್ತಾ ಇದ್ದವನು ಸುಮ್ಮನಿರಲಿಲ್ಲ. "ಏನ್ರಿ ಸರ, ಕಲಿಸೋರೇ ಹಿಂಗ ಮಾಡಿದ್ರ ಹುಡುಗ್ರ ಗತಿ ಏನು?" ಮಾಸ್ತರು, "ಇದು ಬಿ.ಪಿ. ಹೇಳಿಕೊಟ್ಟಿದ್ದು ಅಜ್ಜಾ" ಅಂದರು. ಅಜ್ಜನಿಗೆ ಇನ್ನೂ ಗಾಬರಿ. "ಬಿ.ಪಿ. ಐತೇನ್ರಿ ನಿಮಗ? ಉಪ್ಪು ಕಮ್ಮಿ ಮಾಡ್ರಿ."

ಆ ಬಿ.ಪಿ. ಅಂದರೆ ರಾಬರ್ಟ್ ಬೇಡನ್ ಪೊವೆಲ್. ಸ್ಕೌಟ್ ಚಳವಳಿ ಶುರು ಮಾಡಿದ ಮನುಷ್ಯ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಸ್ಕಾರ್ಫ್ ಕಟ್ಟಿ, ಮೂರು ಬೆರಳಲ್ಲಿ ಸೆಲ್ಯೂಟ್ ಹೊಡೆಯುವ ಮಕ್ಕಳೆಲ್ಲ ಫೆಬ್ರವರಿ 22ಕ್ಕೆ ಇವನ ಫೋಟೋಗೆ ಹಾರ ಹಾಕ್ತಾರೆ. ಯಾಕೆ ಹಾಕ್ತೀರಪ್ಪ ಅಂತ ಕೇಳಿದರೆ "ಅವರ ಹುಟ್ಟಿದಹಬ್ಬ ರೀ" ಅನ್ನೋದು ಬಿಟ್ಟರೆ ಜಾಸ್ತಿ ಏನೂ ಬರಲ್ಲ. ಬ್ರಿಟಿಷ್ ಸೈನ್ಯದ ಜನರಲ್ ಒಬ್ಬನ ಫೋಟೋ ಕೊಪ್ಪಳದ ಶಾಲೆಯ ಗೋಡೆ ಮೇಲೆ ಗಾಂಧೀಜಿ ಪಕ್ಕದಲ್ಲಿ ಹೇಗೆ ಬಂತು ಅನ್ನೋದು ಮಾತ್ರ ಸ್ವಲ್ಪ ಸಿಕ್ಕುಸಿಕ್ಕಾದ ಕಥೆ.

ಮೊದಲು ಅವನು ಮಾಡಿದ ಕೆಲಸ ಏನು ಅಂತ ನೋಡೋಣ. ಜೀವನಚರಿತ್ರೆ ಆಮೇಲೆ.

ಗವಿಮಠದ ಜಾತ್ರೆಗೆ ಬಂದವರಿಗೆ ಗೊತ್ತು, ದಾಸೋಹದ ಸಾಲಿನ ಹತ್ತಿರ ಕೈಬಿಟ್ಟರೆ ಮನೆಯವರು ಮತ್ತೆ ಸಿಗೋದು ಕಷ್ಟ. ಒಂದು ವರ್ಷ ನಾನು ಅಲ್ಲೇ ನಿಂತಿದ್ದೆ. ಕುಷ್ಟಗಿ ಕಡೆಯ ಅಜ್ಜಿಯೊಬ್ಬಳು ಮೊಮ್ಮಗ ಕಾಣಿಸ್ತಿಲ್ಲ ಅಂತ ಎದೆ ಬಡ್ಕೊಂಡು ಅಳ್ತಾ ಇದ್ದಳು. ಅಲ್ಲಿ ಏಳು ಜನ ಗೈಡ್ ಹುಡುಗಿಯರಿದ್ದರು (ಹುಡುಗರು ಸ್ಕೌಟ್ ಆದರೆ ಹುಡುಗಿಯರು ಗೈಡ್), ಅವರ ಟೀಚರ್ ಮಿರ್ಚಿ ತಿನ್ನೋಕೆ ಹೋಗಿದ್ದರು. ಎಂಟನೇ ಕ್ಲಾಸಿನ ಒಬ್ಬಳು ಮುಂದೆ ಬಂದಳು. ಅಂಗಿ ಬಣ್ಣ ಏನು, ವಯಸ್ಸು ಎಷ್ಟು, ಕರೆಯೋ ಹೆಸರು ಏನು ಅಂತ ಮೂರೇ ಪ್ರಶ್ನೆ ಕೇಳಿದಳು. ಇಬ್ಬರನ್ನ ಮೈಕಿನ ಕಡೆ ಓಡಿಸಿದಳು, ಇಬ್ಬರನ್ನ ಚಪ್ಪಲಿ ಬಿಡೋ ಕಡೆ ಕಳಿಸಿದಳು, ಒಬ್ಬಳಿಗೆ "ನೀ ಅಜ್ಜಿ ಕೈ ಬಿಡಬ್ಯಾಡ" ಅಂದಳು, ಉಳಿದ ಇಬ್ಬರು ಸಾಲು ನೋಡಿಕೊಂಡರು. ಹುಡುಗ ಸಿಕ್ಕ. ಬೆಂಡು ಬತ್ತಾಸಿನ ಅಂಗಡಿ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದನಂತೆ. ಟೀಚರ್ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು.

ಆರರಿಂದ ಎಂಟು ಮಕ್ಕಳ ಒಂದು ಗುಂಪು, ಅವರಲ್ಲೇ ಒಬ್ಬರು ಲೀಡರ್. ಇದಕ್ಕೆ ಪೆಟ್ರೋಲ್ ಅಂತಾರೆ, ಗಾಡಿಗೆ ಹಾಕೋದಲ್ಲ, ಇಂಗ್ಲಿಷಿನಲ್ಲಿ ಗಸ್ತು ತಂಡ (patrol) ಅಂತ. (ನಮ್ಮ ಹುಡುಗರು 'ಪೆಟ್ರೋಲ್ ಲೀಡರ್' ಅಂದಾಗ ಅಪ್ಪಂದಿರು ಲೀಟರ್‌ಗೆ ಎಷ್ಟು ಅಂತ ತಮಾಷೆ ಮಾಡೋದು ಎಲ್ಲ ಕಡೆ ಇದ್ದದ್ದೇ.) ಇಂಥ ನಾಲ್ಕೈದು ಪೆಟ್ರೋಲ್ ಸೇರಿದರೆ ಒಂದು ದಳ. ಗಂಟು ಹಾಕೋದು, ಟೆಂಟ್ ಹೊಡೆಯೋದು, ಸೀಟಿ ಊದೋದು, ಇದೆಲ್ಲ ಬಿ.ಪಿ.ಗಿಂತ ಮೊದಲೂ ಇತ್ತು. ಎಮ್ಮೆಯನ್ನ ಗೂಟಕ್ಕೆ ಕಟ್ಟೋ ಗಂಟನ್ನೇ ಮಗ 'ಕ್ಲೋವ್ ಹಿಚ್' ಅಂತ ತೋರಿಸಿದಾಗ "ಇದನ್ನ ಕಲಿಸಾಕ ಇಂಗ್ಲೆಂಡಿನವ ಬೇಕಾಗಿತ್ತೇನು?" ಅಂತ ನಮ್ಮ ಕಡೆಯ ರೈತ ಕೇಳಿದರೆ ಅದು ನ್ಯಾಯವೇ. ಮಕ್ಕಳ ಗುಂಪಿನ ಜವಾಬ್ದಾರಿಯನ್ನ ಮಕ್ಕಳ ಕೈಗೇ ಕೊಟ್ಟು ದೊಡ್ಡವರು ಎರಡು ಹೆಜ್ಜೆ ಹಿಂದೆ ನಿಲ್ಲಬೇಕು ಅನ್ನೋದನ್ನ ಒಂದು ಪದ್ಧತಿಯಾಗಿ ಮಾಡಿ, ದೇಶದೇಶಕ್ಕೂ ಮುಟ್ಟಿಸಿದ್ದು ಅವನ ಕೆಲಸ. ನನ್ನ ಲೆಕ್ಕದಲ್ಲಿ ಅವನ ಆಸ್ತಿ ಇದೊಂದೇ. ಉಳಿದದ್ದರ ಬಗ್ಗೆ ಜಗಳ ಆಡಬಹುದು, ಆಡೋಣ.

ಹುಟ್ಟಿದ್ದು 1857ರ ಫೆಬ್ರವರಿ 22, ಲಂಡನ್. ನಮ್ಮಲ್ಲಿ ದಂಗೆ ಎದ್ದ ವರ್ಷ. ಅಪ್ಪ ಆಕ್ಸ್‌ಫರ್ಡ್‌ನಲ್ಲಿ ರೇಖಾಗಣಿತದ ಪ್ರೊಫೆಸರ್, ಮಗನಿಗೆ ಮೂರು ವರ್ಷ ಇದ್ದಾಗಲೇ ತೀರಿಕೊಂಡರು. ದೊಡ್ಡ ಸಂಸಾರವನ್ನ ತಾಯಿ ಹೆನ್ರಿಯೆಟ್ಟಾ ಒಬ್ಬಳೇ ಎಳೆದಳು. ಹುಡುಗ ಓದಿದ್ದು ಚಾರ್ಟರ್‌ಹೌಸ್ ಶಾಲೆ. ಶಾಲೆಯ ಪಕ್ಕ ಒಂದು ಕುರುಚಲು ಕಾಡು, ಹುಡುಗರು ಅಲ್ಲಿಗೆ ಹೋಗಬಾರದು ಅಂತ ಕಟ್ಟುನಿಟ್ಟು. ಇವನು ಕದ್ದು ಹೋಗಿ, ಮೊಲ ಹಿಡಿದು, ಮಾಸ್ತರರಿಗೆ ಹೊಗೆ ಕಾಣಿಸದ ಹಾಗೆ ಸಣ್ಣ ಬೆಂಕಿ ಹಾಕಿ ಸುಟ್ಟು ತಿನ್ನುತ್ತಿದ್ದ. ಮುಂದೆ ಇವನು ಲಕ್ಷಗಟ್ಟಲೆ ಹುಡುಗರಿಗೆ ಹೇಳಿಕೊಟ್ಟಿದ್ದು ಹೆಚ್ಚುಕಮ್ಮಿ ಈ ಕಳ್ಳ ವಿದ್ಯೆಯನ್ನೇ.

1876ರಲ್ಲಿ ಸೈನ್ಯ ಸೇರಿ ಮೊದಲು ಬಂದಿದ್ದೇ ಭಾರತಕ್ಕೆ, ಲಖನೌಗೆ. ಆಮೇಲೆ ಆಫ್ರಿಕ. ಎಡಗೈ ಕಥೆ ಬರೋದು ಇಲ್ಲೇ. 1895-96ರಲ್ಲಿ ಈಗಿನ ಘಾನಾ ದೇಶದ ಅಶಾಂಟಿ ರಾಜ್ಯದ ಮೇಲೆ ಬ್ರಿಟಿಷರು ದಂಡು ಕಳಿಸಿದರು, ಬಿ.ಪಿ. ಅದರಲ್ಲಿದ್ದ. ಅಲ್ಲಿಯ ಶೂರರು ಬಲಗೈಯಲ್ಲಿ ಈಟಿ, ಎಡಗೈಯಲ್ಲಿ ಗುರಾಣಿ ಹಿಡಿಯುತ್ತಾರೆ, ನಂಬಿಕೆ ಇದ್ದವನ ಮುಂದೆ ಗುರಾಣಿ ಕೆಳಗಿಟ್ಟು ಎಡಗೈ ಚಾಚುತ್ತಾರೆ, ಅದನ್ನ ನೋಡಿ ಇವನು ಕಲಿತ ಅಂತ ಸ್ಕೌಟ್ ಶಿಬಿರಗಳಲ್ಲಿ ಹೇಳ್ತಾರೆ. ಎಷ್ಟು ನಿಜ, ಎಷ್ಟು ಬೆಳೆಸಿದ್ದು ಅಂತ ನಾನು ತಲೆ ಕೆಡಿಸಿಕೊಳ್ಳಲ್ಲ, ಕಥೆ ಚೆನ್ನಾಗಿದೆ. ಆದರೆ ಶಿಬಿರದಲ್ಲಿ ಕಥೆಯ ಉಳಿದರ್ಧ ಹೇಳಲ್ಲ. ಆ ದಂಡು ಅಶಾಂಟಿಯ ರಾಜ ಪ್ರೆಂಪೆಯನ್ನ ಹಿಡಿದು ಗಡೀಪಾರು ಮಾಡಿತು. ಅವನು ತನ್ನ ಊರು ಮತ್ತೆ ನೋಡಿದ್ದು 1924ರಲ್ಲಿ.

ಮತ್ತೆ ಭಾರತಕ್ಕೆ ಬಂದು, 1897ರಿಂದ ಎರಡು ವರ್ಷ ಮೀರತ್‌ನಲ್ಲಿ ಒಂದು ರೆಜಿಮೆಂಟಿನ ಮುಖ್ಯಸ್ಥನಾಗಿದ್ದ. ಅಲ್ಲಿ ಸಿಪಾಯಿಗಳನ್ನ ಸಣ್ಣ ಸಣ್ಣ ಗುಂಪು ಮಾಡಿ ದಾರಿ ಹುಡುಕೋದು, ಹೆಜ್ಜೆ ಗುರುತು ಓದೋದು, ಶತ್ರುವಿನ ಸುಳಿವು ತರೋದು ಕಲಿಸಿದ. ಕಲಿತವರಿಗೆ ತೋಳಿನ ಮೇಲೆ ಒಂದು ಹೂವಿನ ಬಿಲ್ಲೆ. ನಮ್ಮ ಮಕ್ಕಳ ಸ್ಕೌಟ್ ಬ್ಯಾಡ್ಜಿನಲ್ಲಿ ಇವತ್ತಿಗೂ ಇರುವ ಹೂವು ಅದೇ. ಪೆಟ್ರೋಲ್ ಪದ್ಧತಿಯ ಬೇರು ಹೀಗೆ ನಮ್ಮ ದೇಶದ ಕಂಟೋನ್ಮೆಂಟಿನಲ್ಲಿದೆ. ಈ ಪಾಠಗಳನ್ನೆಲ್ಲ ಸೇರಿಸಿ ಸೈನಿಕರಿಗಾಗಿ ಒಂದು ಸಣ್ಣ ಕೈಪಿಡಿ ಬರೆದ, 1899ರಲ್ಲಿ ಅಚ್ಚಾಯಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕದ ಮ್ಯಾಫೆಕಿಂಗ್ ಎಂಬ ಸಣ್ಣ ಊರನ್ನ ಬೋಅರ್ ಸೈನ್ಯ, ಅಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯರ ಸೈನ್ಯ, ಸುತ್ತುಗಟ್ಟಿತು. ಒಳಗೆ ಬಿ.ಪಿ., ಕೈಯಲ್ಲಿ ಸ್ವಲ್ಪವೇ ಜನ. ಸುತ್ತಲೂ ನೆಲಬಾಂಬ್ ಇಟ್ಟಿದ್ದೇವೆ ಅಂತ ಸುಳ್ಳು ಸುದ್ದಿ ಹಬ್ಬಿಸಿ, ಮರಳು ತುಂಬಿದ ಪೆಟ್ಟಿಗೆಗಳನ್ನ ಬಲು ಜೋಪಾನವಾಗಿ ಹೂಳಿಸಿದ. ಮುಳ್ಳುತಂತಿ ಇರಲಿಲ್ಲ, ಆದರೆ ದೂರದಿಂದ ದುರ್ಬೀನು ಹಿಡಿದವನಿಗೆ ತಂತಿ ಇದೆ ಅನ್ನಿಸಲಿ ಅಂತ ಸಿಪಾಯಿಗಳು ನಡೆಯುವಾಗ ಇಲ್ಲದ ತಂತಿಯನ್ನ ಕಾಲೆತ್ತಿ ದಾಟಬೇಕು ಅಂತ ಹುಕುಂ. ಬಯಲಾಟದಲ್ಲಿ ಬರಿಗೈಯಲ್ಲೇ ಕುದುರೆ ಹತ್ತಿದ ಹಾಗೆ ಆಡ್ತಾರಲ್ಲ, ಹಾಗೆ. ಹೀಗೆ 217 ದಿನ ತಳ್ಳಿದ.

ಗಂಡಸರೆಲ್ಲ ಬಂದೂಕು ಹಿಡಿದು ನಿಂತಿದ್ದಾಗ ಊರ ಹುಡುಗರನ್ನ ಸೇರಿಸಿ ಒಂದು ಪಡೆ ಮಾಡಿದರು. ಮಾಡಿದ್ದು ಬಿ.ಪಿ. ಕೈಕೆಳಗಿನ ಅಧಿಕಾರಿ ಎಡ್ವರ್ಡ್ ಸೆಸಿಲ್, ಹೆಸರು ಮಾತ್ರ ಬಿ.ಪಿ.ಗೆ ಬಂತು. ಹುಡುಗರು ಸೈಕಲ್ ಮೇಲೆ ಪತ್ರ, ಸಂದೇಶ ಹೊತ್ತು ಓಡಾಡಿದರು. ಅವರ ಲೀಡರ್ ವಾರ್ನರ್ ಗುಡ್‌ಇಯರ್ ಎಂಬ ಹದಿಹರೆಯದ ಹುಡುಗ. ಮುತ್ತಿಗೆಯ ಕಾಲದಲ್ಲಿ ಊರೊಳಗೇ ಅಚ್ಚು ಹಾಕಿದ ಅಂಚೆಚೀಟಿಯಲ್ಲಿ ಅವನು ಸೈಕಲ್ ಮೇಲೆ ಕೂತ ಚಿತ್ರ ಇದೆ. ಹುಡುಗರ ಮೇಲೆ ಭಾರ ಹೊರಿಸಿದರೆ ಹೊರ್ತಾರೆ ಅನ್ನೋದು ಬಿ.ಪಿ. ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಆಗ.

ಮುತ್ತಿಗೆ ಬಿಟ್ಟದ್ದು 1900ರ ಮೇ 17ಕ್ಕೆ. ಲಂಡನ್ ಬೀದಿಗಳಲ್ಲಿ ಜಾತ್ರೆಯೇ ನಡೆಯಿತು. ಬಿ.ಪಿ. 43ನೇ ವಯಸ್ಸಿಗೆ ಮೇಜರ್ ಜನರಲ್.

ಊರೊಳಗೆ ಇನ್ನೊಬ್ಬ ಯುವಕ ಇದ್ದ. ಸೋಲ್ ಪ್ಲಾಟ್ಯೆ, ಕೋರ್ಟಿನಲ್ಲಿ ದುಭಾಷಿ, ಕಪ್ಪು ಮನುಷ್ಯ. ಆ ದಿನಗಳ ಬಗ್ಗೆ ದಿನಚರಿ ಬರೆದಿಟ್ಟ. ಮುಂದೆ 1912ರಲ್ಲಿ ದಕ್ಷಿಣ ಆಫ್ರಿಕದ ಕಪ್ಪು ಜನರ ಕಾಂಗ್ರೆಸ್ ಹುಟ್ಟಿದಾಗ ಅದರ ಮೊದಲ ಕಾರ್ಯದರ್ಶಿ ಆದವನು ಇವನೇ. ಊರಿಗೆ ಅಂಟಿಕೊಂಡೇ ಕಪ್ಪು ಜನರ ವಸತಿ ಇತ್ತು. ಬಿಳಿಯರಿಗೆ ಒಂದು ಪಡಿ, ಕಪ್ಪು ಜನಕ್ಕೆ ಅದಕ್ಕಿಂತ ಕಮ್ಮಿ ಪಡಿ. ಕೊನೆಗೆ ಕುದುರೆ ಮಾಂಸದ ಗಂಜಿ. ಹಸಿವಿನಿಂದ ಸತ್ತವರು ಆ ಕಡೆಯವರೇ. ಊಟ ಇದ್ದಷ್ಟು ಹಂಚಿದ, ಬೇರೆ ದಾರಿ ಇರಲಿಲ್ಲ ಅಂತ ಬಿ.ಪಿ. ಪರ ಮಾತಾಡುವ ಇತಿಹಾಸಕಾರರೂ ಇದ್ದಾರೆ. ನನಗೆ ಕಾಣೋದಿಷ್ಟು: ವೀರನ ಕಥೆಯಲ್ಲಿ ಸೈಕಲ್ ಹುಡುಗನಿಗೆ ಅಂಚೆಚೀಟಿಯಲ್ಲಿ ಜಾಗ ಸಿಕ್ಕಿತು, ಗಂಜಿ ಸಾಲಿನಲ್ಲಿ ಸತ್ತವರಿಗೆ ಸಿಗಲಿಲ್ಲ. ಬರಗಾಲ ಕಂಡ ನಮ್ಮ ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿಗೆ ವಾಪಸ್ ಬಂದರೆ ಅವನಿಗೇ ಆಶ್ಚರ್ಯ. ಸೈನಿಕರಿಗೆ ಬರೆದ ಕೈಪಿಡಿಯನ್ನ ಶಾಲೆ ಹುಡುಗರು ಓದ್ತಾ ಇದ್ದಾರೆ! ಗ್ಲಾಸ್ಗೋದಲ್ಲಿ 1883ರಿಂದಲೇ ಬಾಯ್ಸ್ ಬ್ರಿಗೇಡ್ ನಡೆಸುತ್ತಿದ್ದ ವಿಲಿಯಂ ಸ್ಮಿತ್ ಎಂಬವರು ಇದನ್ನ ಹುಡುಗರಿಗೆ ತಕ್ಕ ಹಾಗೆ ತಿದ್ದಿ ಬರಿ ಅಂದರು. ಅಮೆರಿಕದಲ್ಲಿ ಅರ್ನೆಸ್ಟ್ ಥಾಂಪ್ಸನ್ ಸೀಟನ್ 1902ರಲ್ಲೇ ಮಕ್ಕಳನ್ನ ಕಾಡಿಗೆ ಕರೆದುಕೊಂಡು ಹೋಗುವ ಸಂಘ ಕಟ್ಟಿದ್ದ, ಅವನಿಂದಲೂ ಬಿ.ಪಿ. ಸಾಕಷ್ಟು ತಗೊಂಡ. ಹಾಗಾಗಿ 'ಸ್ಥಾಪಕ' ಅಂದ ತಕ್ಷಣ ಒಬ್ಬನ ತಲೆಯಿಂದಲೇ ಎಲ್ಲ ಉದುರಿತು ಅಂದುಕೊಳ್ಳಬೇಡಿ. ಪಲ್ಯಕ್ಕೆ ಸಾಮಾನು ಹತ್ತು ಮನೆಯದು, ಒಗ್ಗರಣೆ ಮಾತ್ರ ಇವನದು.

1907ರ ಆಗಸ್ಟ್ 1ರಿಂದ 8ರವರೆಗೆ ಬ್ರೌನ್‌ಸೀ ಎಂಬ ಸಣ್ಣ ದ್ವೀಪದಲ್ಲಿ ಪರೀಕ್ಷೆ ಮಾಡಿದ. ಸುಮಾರು ಇಪ್ಪತ್ತು ಹುಡುಗರು. ಅರ್ಧ ಜನ ಸಿರಿವಂತರ ಶಾಲೆಯವರು, ಇನ್ನರ್ಧ ದುಡಿಯುವ ಮನೆಗಳವರು. ಆ ಕಾಲದ ಇಂಗ್ಲೆಂಡಿನಲ್ಲಿ ಇವರಿಬ್ಬರು ಒಂದೇ ಟೆಂಟಿನಲ್ಲಿ ಮಲಗೋದು ಅಂದರೆ ನಮ್ಮಲ್ಲಿ ಗೌಡರ ಮಗ, ಜೀತದವನ ಮಗ ಒಂದೇ ತಟ್ಟೆಗೆ ಕೂತ ಹಾಗೆ. ತೋಳ, ಗೂಳಿ, ಕಾಗೆ ಜಾತಿಯ ಒಂದು ಹಕ್ಕಿ, ನೀರಹಕ್ಕಿ, ಹೀಗೆ ನಾಲ್ಕು ಪೆಟ್ರೋಲ್. ಭುಜದ ಮೇಲೆ ಒಂದೊಂದಕ್ಕೆ ಒಂದೊಂದು ಬಣ್ಣದ ದಾರ. ಬೆಳಗ್ಗೆ ಎಬ್ಬಿಸೋಕೆ ಆಫ್ರಿಕದಿಂದ ತಂದ ಕುಡು ಜಿಂಕೆಯ ಕೊಂಬು ಊದುತ್ತಿದ್ದ.

1908ರ ಜನವರಿಯಿಂದ ಹದಿನೈದು ದಿನಕ್ಕೊಂದರಂತೆ ಆರು ಕಂತುಗಳಲ್ಲಿ ಹುಡುಗರಿಗಾಗಿ ಬರೆದ ಪುಸ್ತಕ ಬಂತು. ಇಲ್ಲಿ ಒಂದು ತಮಾಷೆ. ಬಿ.ಪಿ. ಹೊಸ ಸಂಘ ಕಟ್ಟೋ ಯೋಚನೆಯಲ್ಲೇ ಇರಲಿಲ್ಲ, ಇದ್ದ ಸಂಘಗಳು ಈ ಆಟಗಳನ್ನ ಬಳಸಿಕೊಳ್ಳಲಿ ಅಂತಷ್ಟೇ ಇತ್ತು. ಆದರೆ ಪುಸ್ತಕ ಓದಿದ ಹುಡುಗರು ಯಾರನ್ನೂ ಕೇಳಲಿಲ್ಲ. ಗೆಳೆಯರನ್ನ ಸೇರಿಸಿದರು, ಲೀಡರ್ ಆರಿಸಿದರು, ಅಮ್ಮನ ಪೊರಕೆ ಕೋಲು ಹಿಡಿದು ಹೊಲದ ಕಡೆ ಹೊರಟರು. ಆಮೇಲೆ ದೊಡ್ಡವರನ್ನ ಹುಡುಕಿಕೊಂಡು ಹೋಗಿ ನಮಗೆ ಮಾಸ್ತರ್ ಆಗ್ರಿ ಅಂದರು. ಆಫೀಸು, ನಿಯಮ, ಸಂಘ ಎಲ್ಲ ಅವರ ಹಿಂದೆ ಓಡಿ ಬಂದದ್ದು. 1909ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಮೇಳ ಮಾಡಿದಾಗ ಹತ್ತು ಸಾವಿರಕ್ಕೂ ಜಾಸ್ತಿ ಹುಡುಗರು ಬಂದರು. ಅವರ ನಡುವೆ ಒಂದು ಹಿಂಡು ಹುಡುಗಿಯರು. ನೀವ್ಯಾರು ಅಂದರೆ, ನಾವೂ ಸ್ಕೌಟ್! ಕರೆದವರಿಲ್ಲ, ಹೋಗಿ ಅನ್ನೋಕೂ ಆಗಲಿಲ್ಲ. ಮರುವರ್ಷ ಅವರಿಗಾಗಿ ಗರ್ಲ್ ಗೈಡ್ಸ್ ಶುರುವಾಯಿತು, ಮೊದಲು ನೋಡಿಕೊಂಡದ್ದು ತಂಗಿ ಆಗ್ನೆಸ್. ಆಮೇಲೆ ಹೆಂಡತಿ ಒಲೇವ್ ಇಡೀ ಜಗತ್ತಿನ ಗೈಡ್‌ಗಳಿಗೆ ಮುಖ್ಯಸ್ಥೆಯಾದಳು. 1912ರಲ್ಲಿ ಮದುವೆಯಾದಾಗ ಅವನಿಗೆ 55, ಅವಳಿಗೆ 23. ಇಬ್ಬರ ಹುಟ್ಟಿದ ದಿನವೂ ಫೆಬ್ರವರಿ 22, ಅದಕ್ಕೇ ಆ ದಿನವನ್ನ ಜಗತ್ತಿನೆಲ್ಲೆಡೆ ಚಿಂತನಾ ದಿನ ಅಂತ ಆಚರಿಸ್ತಾರೆ. ನಮ್ಮ ಶಾಲೆಯ ಹಾರದ ಲೆಕ್ಕ ಇದು.

ಈಗ ನಮ್ಮ ಮನೆ ವಿಷಯ. ಭಾರತದಲ್ಲಿ ಮೊದಲ ದಳ ಶುರುವಾದದ್ದು 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಆದರೆ ಅದು ಬಿಳಿಯರ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನಮ್ಮ ಹುಡುಗರಿಗೆ ಬಾಗಿಲು ಮುಚ್ಚಿತ್ತು. ಭಯ ಏನು ಗೊತ್ತಾ? ಈ ಹುಡುಗರಿಗೆ ಗುಂಪು ಕಟ್ಟೋದು, ಗುರುತು ಹಿಡಿಯೋದು, ತಮ್ಮ ತೀರ್ಮಾನ ತಾವೇ ತಗೊಳ್ಳೋದು ಕಲಿಸಿದರೆ ನಾಳೆ ನಮ್ಮ ಮೇಲೇ ತಿರುಗಿ ಬೀಳ್ತಾರೆ ಅಂತ. ಸರ್ಕಾರ ಹೆದರಿದ್ದರಲ್ಲಿ ತಪ್ಪೇನಿಲ್ಲ ಬಿಡಿ.

ಬಾಗಿಲು ತೆಗೆಯಲಿಲ್ಲ ಅಂದಾಗ ನಮ್ಮವರು ಬೇರೆ ಮನೆ ಕಟ್ಟಿದರು. 1916ರಲ್ಲಿ ಮದ್ರಾಸಿನಲ್ಲಿ ಅನಿ ಬೆಸೆಂಟ್ ಮತ್ತು ಅವರ ಜೊತೆಗಾರ ಅರುಂಡೇಲ್ ಭಾರತದ ಹುಡುಗರಿಗೇ ಅಂತ ಸ್ಕೌಟ್ ಸಂಘ ಮಾಡಿದರು. ಟೊಪ್ಪಿಗೆ ಬದಲು ರುಮಾಲು, ಹಾಡೂ ಇಲ್ಲಿಯದೇ. ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ವಾಜಪೇಯಿ ಸೇರಿ 1918ರಲ್ಲಿ ಸೇವಾ ಸಮಿತಿ ಸ್ಕೌಟ್ ಸಂಘ ಕಟ್ಟಿದರು. 1921ರಲ್ಲಿ ಬಿ.ಪಿ. ದಂಪತಿ ಭಾರತಕ್ಕೆ ಬಂದು ಎಲ್ಲರೂ ಒಂದಾಗಿ ಅಂದರು. ಬೆಸೆಂಟ್ ಅವರ ಸಂಘ ಸೇರಿತು. ಮಾಳವೀಯರದ್ದು ಸೇರಲಿಲ್ಲ. ಪ್ರತಿಜ್ಞೆಯಲ್ಲಿ 'ದೇವರಿಗೆ ಮತ್ತು ದೊರೆಗೆ' ಅಂತ ಇತ್ತಲ್ಲ, ಆ ದೊರೆ ಗಂಟಲಲ್ಲಿ ಇಳಿಯಲಿಲ್ಲ. ಅದೇ ಹೊತ್ತಿಗೆ, 1923ರಲ್ಲಿ, ನಮ್ಮ ಹುಬ್ಬಳ್ಳಿಯ ಡಾಕ್ಟರ್ ನಾ.ಸು. ಹರ್ಡೀಕರ್ ಹಿಂದೂಸ್ತಾನಿ ಸೇವಾದಳ ಕಟ್ಟಿದ್ದನ್ನೂ ನೆನೆಯಬೇಕು. ಸಮವಸ್ತ್ರ, ಶಿಸ್ತು, ಶಿಬಿರ ಎಲ್ಲ ಇತ್ತು, ನಿಷ್ಠೆ ಮಾತ್ರ ದೇಶಕ್ಕೆ. ಇವರ ಬಗ್ಗೆ ನಮ್ಮ ಮಕ್ಕಳಿಗೆ ಬಿ.ಪಿ. ಬಗ್ಗೆ ಹೇಳಿದಷ್ಟೂ ಹೇಳಲ್ಲ ಅನ್ನೋದು ನನ್ನ ಹಳೇ ಸಿಟ್ಟು.

1937ರಲ್ಲಿ ಬಿ.ಪಿ. ಮತ್ತೆ ಬಂದ. ಎಂಬತ್ತು ವರ್ಷದ ಮುದುಕ. ದೆಹಲಿಯ ಮೇಳ ಮುಗಿಸಿ ಹೋದ ಮೇಲೆ ಭಾರತೀಯರ ನಡತೆಯ ಬಗ್ಗೆ ಹಗುರವಾಗಿ ಮಾತಾಡಿದ. ಇಲ್ಲಿ ಬೆಂಕಿ ಹತ್ತಿತು. ಎಷ್ಟೋ ಜನ ಸಂಘ ಬಿಟ್ಟು ಹೊರಗೆ ಬಂದರು, 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಸಂಘ ಹುಟ್ಟಿತು. ಅವನು ಕಲಿಸಿದ ಪೆಟ್ರೋಲ್ ಪದ್ಧತಿಯನ್ನ ಬಿಡಲಿಲ್ಲ, ಅವನನ್ನ ಬಿಟ್ಟರು.

ಸ್ವಾತಂತ್ರ್ಯ ಬಂದಾಗ ಹೀಗೆ ಎರಡು ಮೂರು ಸಂಘ, ಒಬ್ಬರ ಮುಖ ಒಬ್ಬರು ನೋಡಲ್ಲ. ಶಿಕ್ಷಣ ಮಂತ್ರಿ ಮೌಲಾನಾ ಆಜಾದ್ ಮತ್ತೆ ಕುಂಜ್ರು ಅಂಥವರು ಕೂರಿಸಿ ಮಾತಾಡಿಸಿ, 1950ರ ನವೆಂಬರ್ 7ಕ್ಕೆ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಮಾಡಿದರು. ಗೈಡ್ಸ್ ಮರುವರ್ಷ ಆಗಸ್ಟ್ 15ಕ್ಕೆ ಸೇರಿತು. ಪ್ರತಿಜ್ಞೆಯಿಂದ ದೊರೆ ಹೋಗಿ ದೇಶ ಬಂತು. ದೇವರು ಬೇಡ ಅನ್ನುವವರು 'ಧರ್ಮ' ಅನ್ನಬಹುದು. ಬ್ಯಾಡ್ಜಿನ ಹೂವಿನ ಮೇಲೆ ಅಶೋಕ ಚಕ್ರ ಕೂತಿತು. ಆಗ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿ, ನಮ್ಮ ಕೊಪ್ಪಳ ರಾಯಚೂರು ಹೈದರಾಬಾದ್ ರಾಜ್ಯದಲ್ಲಿ. ತುಂಗಭದ್ರೆಯ ಆಚೆಗೊಂದು ಸರ್ಕಾರ, ಈಚೆಗೊಂದು. ಕರ್ನಾಟಕ ಒಂದಾಗೋಕೆ ಇನ್ನೂ ಆರು ವರ್ಷ ಇತ್ತು, ಸ್ಕೌಟ್ ಹುಡುಗರಿಗೆ ಒಂದೇ ಬ್ಯಾಡ್ಜ್ ಅದಕ್ಕೂ ಮೊದಲೇ ಬಂತು.

ಹಾಗಾದರೆ ಅವನು ಮಕ್ಕಳನ್ನ ಸಿಪಾಯಿ ಮಾಡೋಕೆ ಹೊರಟಿದ್ದನಾ? ಇದು ಹಳೇ ಪ್ರಶ್ನೆ. ಸಮವಸ್ತ್ರ, ಸೆಲ್ಯೂಟ್, ಸಾಮ್ರಾಜ್ಯದ ಮೇಲಿನ ಭಕ್ತಿ, ಎಲ್ಲ ಅವನಲ್ಲಿತ್ತು. ಆದರೆ ಬಂದೂಕು, ಕವಾಯತು ಹುಡುಗರಿಗೆ ಬೇಡ ಅಂತ ಮೊದಲಿಂದ ಹೇಳಿದವನೂ ಅವನೇ, ಕವಾಯತಿನಲ್ಲಿ ಹುಡುಗ ಯೋಚನೆ ಮಾಡೋದು ನಿಲ್ಲಿಸ್ತಾನೆ ಅಂತ. 1939ರಲ್ಲಿ ಹಿಟ್ಲರನ ಪುಸ್ತಕ ಓದಿ ಡೈರಿಯಲ್ಲಿ ಮೆಚ್ಚುಗೆಯ ಮಾತು ಬರೆದ, ಹೇಳಿದ ಆದರ್ಶವನ್ನ ಹಿಟ್ಲರನೇ ಪಾಲಿಸ್ತಿಲ್ಲ ಅಂತಲೂ ಸೇರಿಸಿದ. ಅತ್ತ ನಾಜಿಗಳು ಸ್ಕೌಟ್ ಸಂಘಗಳನ್ನ ಮುಚ್ಚಿಸಿ, ಇಂಗ್ಲೆಂಡ್ ಗೆದ್ದರೆ ಹಿಡಿಯಬೇಕಾದವರ ಪಟ್ಟಿಯಲ್ಲಿ ಇವನ ಹೆಸರನ್ನೂ ಬರೆದಿದ್ದರು. 2020ರಲ್ಲಿ ಬ್ರೌನ್‌ಸೀ ಎದುರಿನ ಪೂಲ್ ಊರಲ್ಲಿ ಅವನ ಪ್ರತಿಮೆ ತೆಗೀತಾರೆ ಅಂತ ಸುದ್ದಿಯಾದಾಗ ಹಳೇ ಸ್ಕೌಟ್‌ಗಳು ಬಂದು ಕಾವಲು ನಿಂತರು. ಎರಡೂ ಕಡೆಯವರ ಮಾತಲ್ಲಿ ಹುರುಳಿದೆ, ನಾನು ಪಂಚಾಯ್ತಿ ಮಾಡಲ್ಲ.

ನನ್ನ ತಕರಾರು ಬೇರೆ. ಇವತ್ತು ನಮ್ಮ ಕಡೆ ಸ್ಕೌಟ್ ಅಂದರೆ ಸ್ವಾತಂತ್ರ್ಯ ದಿನದ ಪಥಸಂಚಲನ, ಮಂತ್ರಿ ಬಂದಾಗ ಸಾಲಾಗಿ ನಿಲ್ಲೋದು, ಹಾರ ತುರಾಯಿ ಹಿಡಿಯೋದು. ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಅಂತ ಮೆಟ್ಟಿಲುಗಳಿವೆ. ರೈಲ್ವೆಯಲ್ಲಿ ಸ್ಕೌಟ್ ಕೋಟಾ ಇರೋದರಿಂದ ಅಪ್ಪ ಅಮ್ಮಂದಿರ ಕಣ್ಣು ಮೇಲಿನ ಮೆಟ್ಟಿಲ ಮೇಲೆ. ಅದರಲ್ಲಿ ತಪ್ಪಿಲ್ಲ, ಗಿಣಿಗೇರಿಯ ಹುಡುಗನಿಗೆ ರೈಲ್ವೆ ನೌಕರಿ ಸಿಕ್ಕರೆ ನಾನೇ ಪೇಢೆ ಹಂಚ್ತೀನಿ. ಆದರೆ ಲಾಗ್ ಪುಸ್ತಕವನ್ನ ಮಾಸ್ತರು ಹೇಳಿ ಬರೆಸಿದರೆ, ಟೆಂಟನ್ನ ಪಕ್ಕದ ಮನೆ ಅಣ್ಣ ಹೊಡೆದುಕೊಟ್ಟರೆ, ಲೀಡರ್ ಯಾರು ಅನ್ನೋದನ್ನ ಅಂಕ ನೋಡಿ ಹೆಡ್‌ಮಾಸ್ತರ್ ಆರಿಸಿದರೆ, ಬಿ.ಪಿ.ಯ ಟೊಪ್ಪಿಗೆ ಉಳಿದು ಬಿ.ಪಿ. ಹೋದ ಹಾಗೆ.

ನಮ್ಮ ಓಣಿಯ ಮಾಸ್ತರ ಕೊರಳಲ್ಲಿ ಒಂದು ಚರ್ಮದ ದಾರ, ಅದಕ್ಕೆ ಎರಡು ಕಟ್ಟಿಗೆ ಮಣಿ. ಜನ ರುದ್ರಾಕ್ಷಿಯಾ ಅಂತ ಕೇಳ್ತಾರೆ. ಅದು ಸ್ಕೌಟ್ ಮಾಸ್ತರರು ತರಬೇತಿ ಮುಗಿಸಿದಾಗ ಸಿಗುವ ವುಡ್ ಬ್ಯಾಡ್ಜ್. 1919ರಲ್ಲಿ ಲಂಡನ್ ಹತ್ತಿರದ ಗಿಲ್‌ವೆಲ್‌ನಲ್ಲಿ ಮೊದಲ ತರಬೇತಿ ಮುಗಿಸಿದವರಿಗೆ ಬಿ.ಪಿ. ಕೊಟ್ಟದ್ದು ಜುಲು ರಾಜ ದಿನುಜುಲುವಿನ ಹಾರದಿಂದ ಬಿಚ್ಚಿದ ಮಣಿಗಳು. ಆ ಹಾರ ಅವನ ಕೈಗೆ ಬಂದದ್ದೂ ಒಂದು ದಂಡಯಾತ್ರೆಯಲ್ಲೇ, 1888ರಲ್ಲಿ. ಮಾಸ್ತರಿಗೆ ಇದನ್ನ ಹೇಳಿದೆ. ಸ್ವಲ್ಪ ಹೊತ್ತು ಮಣಿ ತಿರುವುತ್ತಾ ಕೂತರು. "ತೆಗೆದಿಡಲೇನು?" ಅಂದರು. ನಾನು ಬೇಡ ಅಂದೆ. ಹಾಕ್ಕೊಳ್ಳಿ, ಮಕ್ಕಳು ಕೇಳಿದರೆ ಎರಡೂ ಅರ್ಧ ಹೇಳಿ ಅಂದೆ.

ಬಿ.ಪಿ. ಕೊನೆಯ ದಿನ ಕಳೆದದ್ದು ಕೀನ್ಯಾದ ನ್ಯೇರಿಯಲ್ಲಿ, ಸತ್ತದ್ದು 1941ರ ಜನವರಿ 8. ಅವನ ಗೋರಿಯ ಕಲ್ಲಿನ ಮೇಲೆ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆ. ಸ್ಕೌಟ್ ಮಕ್ಕಳು ದಾರಿ ಹುಡುಕೋ ಆಟದಲ್ಲಿ ಬಳಸುವ ಗುರುತು ಅದು: 'ನಾನು ಮನೆಗೆ ಹೋಗಿದ್ದೇನೆ.' ಹೋದ ಭಾನುವಾರ ಮಾಸ್ತರ ದಳ ಗುಡ್ಡದ ಕಡೆ ಆ ಆಟ ಆಡಿತು. ಕೊನೆಯ ಗುರುತನ್ನ ಬೆಣಚುಕಲ್ಲಿನಲ್ಲಿ ಜೋಡಿಸಿದ ಹುಡುಗ ಚುಕ್ಕೆ ಇಡೋದನ್ನೇ ಮರೆತಿದ್ದನಂತೆ, ಉಳಿದವರೆಲ್ಲ ಬಿಸಿಲಲ್ಲಿ ಅರ್ಧ ಗಂಟೆ ಅವನನ್ನ ಹುಡುಕಿದ್ದಾರೆ. ಅವನು ಮನೆಯಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದ.